ಕೋಳಿಗೂಡಿಗೆ ಇಲಿ ಕಾಟ: ಕಾರಣವೂ ಪರಿಹಾರವೂ

ಹಿತ್ತಲಲ್ಲಿ ಐದಾರು ಕೋಳಿ ಸಾಕುವ ಮನೆಗಳು ನಮ್ಮ ಕಾಸರಗೋಡು ಸೀಮೆಯಲ್ಲಿ ಎಷ್ಟೋ ಇವೆ. ಅಡಿಕೆ, ತೆಂಗು ಇದ್ದವರಿಗೆ ಅದೊಂದು ಕೈಖರ್ಚಿನ ದಾರಿ. ತೋಟವಿಲ್ಲದವರಿಗೆ ಅದೇ ಒಂದು ಆದಾಯ. ಪಂಚಾಯತಿನ ಯೋಜನೆಯಲ್ಲಿ ಮರಿಗಳು ದೊರೆತ ಮೇಲೆ ಹೊಸದಾಗಿ ಗೂಡು ಕಟ್ಟಿಸಿದವರೂ ಇದ್ದಾರೆ. ಇವರಲ್ಲಿ ಯಾರೊಡನೆ ಇಲಿಯ ಮಾತೆತ್ತಿದರೂ ಹೇಳುವುದಕ್ಕೆ ಒಂದು ಕಥೆ ಇದ್ದೇ ಇರುತ್ತದೆ. ಮೊಟ್ಟೆ ಹೋದದ್ದು, ಮರಿ ಹೋದದ್ದು, ಆಹಾರದ ಚೀಲ ತೂತಾದದ್ದು. ಪರಿಹಾರವೇನೆಂದು ಕೇಳಿದರೆ ಮಾತ್ರ ಹೆಚ್ಚಿನವರ ಉತ್ತರ ಒಂದೇ: "ಪಾಷಾಣ ಇಡುವುದು." ನಾನೂ ಹಾಗೆಯೇ ಹೇಳುತ್ತಿದ್ದವನು. ಆ ಅಭಿಪ್ರಾಯ ಹೇಗೆ ಬದಲಾಯಿತೆಂಬುದನ್ನು ಮೊದಲು ಹೇಳಿ, ಅನಂತರ ಪಾಠಕ್ಕೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ, ಆಟಿ ತಿಂಗಳಲ್ಲಿ, ನಮ್ಮ ಮನೆಯ ಹೇಂಟೆಯೊಂದು ಹನ್ನೆರಡು ಮೊಟ್ಟೆಗೆ ಕಾವು ಕೂತು ಹತ್ತು ಮರಿ ಮಾಡಿತ್ತು. ಎರಡು ರಾತ್ರಿಗಳಲ್ಲಿ ಅವುಗಳಲ್ಲಿ ಆರು ಕಾಣೆಯಾದುವು. ಸಿಟ್ಟಿನಿಂದ ಪೇಟೆಗೆ ಹೋಗಿ ಜಿಂಕ್ ಫಾಸ್ಫೈಡ್ ಎಂಬ ಕಪ್ಪು ಹುಡಿಯನ್ನು ತಂದೆ. ನುಚ್ಚಕ್ಕಿಗೆ ತೆಂಗಿನೆಣ್ಣೆ ಸವರಿ, ಹುಡಿ ಕಲಸಿ, ಗೂಡಿನ ಹಿಂದೆ ಒಡೆದ ಹಂಚುಗಳ ರಾಶಿಯ ಅಡಿಯಲ್ಲಿಟ್ಟೆ. ಕೋಳಿಗಳನ್ನು ಮೂರು ದಿವಸ ಹೊರಗೆ ಬಿಡಲಿಲ್ಲ. ಅಷ್ಟರಮಟ್ಟಿಗೆ ಎಚ್ಚರದಿಂದಲೇ ಇದ್ದೆ. ನಾಲ್ಕು ಇಲಿಗಳು ಸತ್ತು ಬಿದ್ದುವು. ಉಳಿದ ವಿಷದ ಅಕ್ಕಿಯನ್ನು ಹೆಕ್ಕಿ ಹೂತು, ನಾಲ್ಕನೆಯ ದಿನ ಕೋಳಿಗಳನ್ನು ಬಿಟ್ಟೆ. ಮಧ್ಯಾಹ್ನದೊಳಗೆ ಮೂರು ಹೇಂಟೆಗಳು ಸತ್ತುವು. ಇಲಿಗಳು ತಿಂದಷ್ಟೂ ತಿಂದು, ಒಂದಿಷ್ಟನ್ನು ಬಾಯಲ್ಲಿ ಕಚ್ಚಿ ತೆಂಗಿನ ಬುಡದ ತರಗೆಲೆಯ ಅಡಿಗೆ ಸಾಗಿಸಿ ಇಟ್ಟಿದ್ದುವು. ಕೋಳಿ ಕೆದಕದ ತರಗೆಲೆ ಎಲ್ಲಿದೆ?

ಮನೆಯಾಕೆ ಒಂದೇ ಮಾತು ಕೇಳಿದಳು: "ಇಲಿ ಎಷ್ಟು ಸತ್ತುವು, ಕೋಳಿ ಎಷ್ಟು ಸತ್ತುವು, ಒಮ್ಮೆ ಲೆಕ್ಕ ಹೇಳಿ ಮಾಷ್ಟ್ರೇ."

ಲೆಕ್ಕ ಅಷ್ಟಕ್ಕೇ ಮುಗಿಯಲಿಲ್ಲ. ಚೌತಿ ಕಳೆಯುವಷ್ಟರಲ್ಲಿ ಗೂಡಿನಲ್ಲಿ ಮೊದಲಿನಷ್ಟೇ ಇಲಿಗಳು ಓಡಾಡುತ್ತಿದ್ದುವು. ಆಗ ನಾನು ಕುಳಿತು ಯೋಚಿಸಿದ್ದು ಇಷ್ಟು: ಇಲಿಗಳನ್ನು ಕೊಲ್ಲುವುದು ಹೇಗೆ ಎಂದು ಕೇಳಿದೆನೇ ಹೊರತು, ಅವು ಇಲ್ಲಿಗೆ ಬರುವುದು ಯಾಕೆ ಎಂದು ಕೇಳಿಯೇ ಇರಲಿಲ್ಲ.

ಇಲಿಯು ಕೋಳಿಗಾಗಿ ಬರುವುದಿಲ್ಲ. ಕೋಳಿಯ ಆಹಾರಕ್ಕಾಗಿ ಬರುತ್ತದೆ. ಬಂದ ಮೇಲೆ ಒಣಗಿದ ಮೂಲೆಯೊಂದು ಕಂಡರೆ ಅಲ್ಲಿಯೇ ನಿಲ್ಲುತ್ತದೆ; ನಿಂತ ಮೇಲೆ ಮೊಟ್ಟೆ, ಮರಿಗಳ ರುಚಿ ಕಲಿಯುತ್ತದೆ. ಬೆಳೆದ ಮನೆ ಇಲಿಯೊಂದು ಸುಮಾರು ೧೫೦ರಿಂದ ೨೦೦ ಗ್ರಾಂ ತೂಗುತ್ತದೆ. ತನ್ನ ತೂಕದ ಹತ್ತರಲ್ಲೊಂದು ಪಾಲನ್ನು ಅದು ದಿನಕ್ಕೆ ತಿನ್ನುತ್ತದೆ ಎಂದಿಟ್ಟುಕೊಂಡರೆ, ಹತ್ತು ಇಲಿಗಳಿಗೆ ದಿನಕ್ಕೆ ಹೆಚ್ಚುಕಡಿಮೆ ೨೦೦ ಗ್ರಾಂ ಆಯಿತು; ತಿಂಗಳಿಗೆ ೬ ಕಿಲೋ. ಗೂಡಿನಲ್ಲಿಯೇ ಇಟ್ಟು ಸಾಕುವ ಮೊಟ್ಟೆ ಕೋಳಿಗೆ ದಿನಕ್ಕೆ ೧೦೦ರಿಂದ ೧೨೦ ಗ್ರಾಂ ಆಹಾರ ಬೇಕು. ಎಂದರೆ ನಾವು ಆರು ಕೋಳಿ ಸಾಕುತ್ತೇವೆಂದು ತಿಳಿದು ಎಂಟಕ್ಕೆ ತಿನ್ನಿಸುತ್ತಿದ್ದೇವೆ, ಎರಡು ಮೊಟ್ಟೆಯಿಡುವುದಿಲ್ಲ. ಈ ಲೆಕ್ಕವನ್ನು ಶಾಲೆಯಲ್ಲಿ ಆರನೆಯ ತರಗತಿಯವರಿಗೆ ಕೊಟ್ಟಿದ್ದೆ. ಒಬ್ಬ ಹುಡುಗಿ ಎದ್ದು, "ಸರ್, ಇಲಿ ತಿಂದದ್ದನ್ನು ಮಾತ್ರ ಹಾಕಿದ್ದೀರಿ, ಹೊಲಸು ಮಾಡಿದ್ದನ್ನು ಬಿಟ್ಟಿದ್ದೀರಿ" ಎಂದಳು. ಸರಿಯಾದ ಮಾತು. ಹಿಕ್ಕೆ, ಮೂತ್ರ ಬಿದ್ದು ಹಾಳಾದದ್ದನ್ನು ಸೇರಿಸಿದರೆ ನಷ್ಟ ಇನ್ನೂ ಹೆಚ್ಚು. ಆ ಹಿಕ್ಕೆಯ ಮೂಲಕ ಕೋಳಿಗಳಿಗೆ ಭೇದಿಯ ರೋಗಾಣುಗಳೂ ತಗಲುತ್ತವೆ.

ಈಗ ಇಲಿಯ ಸಂಸಾರವನ್ನು ನೋಡೋಣ. ಹೆಣ್ಣಿಲಿ ಗರ್ಭ ಧರಿಸಿ ಮೂರು ವಾರಕ್ಕೆ ಮರಿ ಹಾಕುತ್ತದೆ. ಒಂದು ಸಲಕ್ಕೆ ಐದಾರರಿಂದ ಎಂಟು. ಆ ಮರಿಗಳು ಮೂರು ತಿಂಗಳೊಳಗೆ ತಾವೂ ಮರಿ ಹಾಕಲು ಸಿದ್ಧವಾಗುತ್ತವೆ. ಹತ್ತರಲ್ಲಿ ನಾಲ್ಕನ್ನು ಕೊಂದರೆ ಏನಾಗುತ್ತದೆ? ಉಳಿದ ಆರಕ್ಕೆ ಊಟ ಹೆಚ್ಚಾಗುತ್ತದೆ, ತಾವು ಹೆಚ್ಚಾಗುತ್ತದೆ. ಸತ್ತವುಗಳ ಸ್ಥಾನವನ್ನು ಹೊಸ ಮರಿಗಳೂ ನೆರೆಯ ತೋಟದಿಂದ ಬಂದವುಗಳೂ ತುಂಬುತ್ತವೆ. ಹಿತ್ತಲಲ್ಲಿ ಎಷ್ಟು ಇಲಿ ಇರಬೇಕೆಂಬುದನ್ನು ನಿರ್ಣಯಿಸತಕ್ಕದ್ದು ಪಾಷಾಣವಲ್ಲ, ರಾತ್ರಿ ಅಲ್ಲಿ ಉಳಿಯುವ ಆಹಾರ.

ಆದಕಾರಣ ಮೊದಲ ಕೆಲಸ ಸಂಜೆಯದು. ಕೋಳಿಯು ಕತ್ತಲಲ್ಲಿ ತಿನ್ನುವುದೂ ಇಲ್ಲ, ಕುಡಿಯುವುದೂ ಇಲ್ಲ. ರಾತ್ರಿ ಗೂಡಿನೊಳಗೆ ಆಹಾರದ ಪಾತ್ರೆಯನ್ನಿಟ್ಟರೆ ಅದು ಇಲಿಗೆಂದೇ ಇಟ್ಟದ್ದಾಗುತ್ತದೆ. ಬೆಳಗ್ಗೆ ಬಿಡುವಾಗ ಒಮ್ಮೆ, ಸಂಜೆ ಕೂಡುವ ಅರ್ಧ ಗಂಟೆ ಮೊದಲು ಒಮ್ಮೆ ಕೊಡಿರಿ. ದಿನವಿಡೀ ಹೊರಗೆ ಮೇಯುವ ಕೋಳಿಗೆ ಮೇಲೆ ಹೇಳಿದ ಅಳತೆಯ ಸುಮಾರು ಅರ್ಧ ಸಾಕು. ಅಂಗಳದ ಮಣ್ಣಿನ ಮೇಲೆ ಎರಚಬೇಡಿರಿ. ಅಡಿಕೆ ಹಾಳೆಯ ಮೇಲೋ ಅಗಲವಾದ ತಟ್ಟೆಯಲ್ಲೋ ಹಾಕಿರಿ. ಅರ್ಧ ಗಂಟೆಯಲ್ಲಿ ತಿಂದು ಮುಗಿಯದಿದ್ದರೆ ಮರುದಿನ ಒಂದು ಹಿಡಿ ಕಡಿಮೆ ಮಾಡಿರಿ. ಮಿಕ್ಕಿದ್ದನ್ನು ಎತ್ತಿ, ಬಿದ್ದದ್ದನ್ನು ಗುಡಿಸಿ, ನೀರಿನ ಪಾತ್ರೆಯನ್ನು ಬೋರಲಾಗಿ ಇಟ್ಟು ಮನೆಯೊಳಗೆ ಹೋಗಿರಿ. ಇದಕ್ಕೆ ಹತ್ತು ನಿಮಿಷ ಬೇಕು. ಹತ್ತು ನಿಮಿಷ ದಿನಾ ಎಲ್ಲಿಂದ ತರುವುದೆಂದು ಕೇಳುವವರಿಗೆ ನನ್ನಲ್ಲಿ ಬೇರೆ ಉತ್ತರವಿಲ್ಲ. ಈ ಒಂದು ಕೆಲಸವನ್ನು ಬಿಟ್ಟು ಮುಂದೆ ಹೇಳುವ ಎಲ್ಲವನ್ನೂ ಮಾಡಿದರೂ ಪ್ರಯೋಜನ ಅಲ್ಪ. ಆಹಾರದ ಚೀಲ, ತೌಡು, ತೆಂಗಿನ ಹಿಂಡಿ ಇವೆಲ್ಲ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿರಬೇಕು. ಪ್ಲಾಸ್ಟಿಕ್ ಡಬ್ಬಿ ಸಾಲದು. ಇಲಿಯ ಮುಂಬಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುವುದರಿಂದ ಅದು ಏನನ್ನಾದರೂ ಕಡಿಯುತ್ತಲೇ ಇರಬೇಕು. ಮೊಟ್ಟೆಯನ್ನು ದಿನಕ್ಕೆ ಎರಡು ಸಲ, ಕತ್ತಲಾಗುವುದಕ್ಕೆ ಮೊದಲೇ, ತೆಗೆಯಿರಿ.

ಮೊಟ್ಟೆ, ಮರಿ ಹೋದುದಕ್ಕೆಲ್ಲ ಇಲಿಯೇ ಕಾರಣವೆಂದು ತಿಳಿಯಬಾರದು. ಕಳ್ಳ ಯಾರೆಂದು ತಿಳಿಯದೆ ಶಿಕ್ಷೆ ಕೊಡುವುದು ಶಾಲೆಯಲ್ಲಿಯೂ ತಪ್ಪು, ಹಿತ್ತಲಲ್ಲಿಯೂ ತಪ್ಪು. ಮುಂಗುಸಿ ಕುತ್ತಿಗೆಗೋ ತಲೆಗೋ ಕಚ್ಚುತ್ತದೆ. ಒಂದೇ ಸಲಕ್ಕೆ ಹಲವನ್ನು ಕೊಂದು ಬಿಟ್ಟುಹೋಗುವುದೂ ಉಂಟು. ಹಾವು ಮೊಟ್ಟೆಯನ್ನಾಗಲಿ ಮರಿಯನ್ನಾಗಲಿ ಇಡಿಯಾಗಿ ನುಂಗುವುದರಿಂದ ಗುರುತು ಉಳಿಯುವುದಿಲ್ಲ. ಇಲಿಯಾದರೆ ಮೊಟ್ಟೆಯ ಚಿಪ್ಪು ಕಡಿದ ಅಂಚಿನೊಡನೆ ಮೂಲೆಯಲ್ಲಿಯೋ ಬಿಲದ ಬಾಯಲ್ಲಿಯೋ ಸಿಗುತ್ತದೆ. ಮರಿಯನ್ನು ಬಿಲದೊಳಗೆ ಎಳೆದುಕೊಂಡು ಹೋಗುತ್ತದೆ, ಗರಿಗಳು ಬಿಲದ ಬಾಯಲ್ಲಿರುತ್ತವೆ. ಇಲಿಗಳಲ್ಲಿಯೂ ಭೇದವುಂಟು. ಮಾಡಿನ ಮೇಲೂ ತೆಂಗಿನ ಮಂಡೆಯಲ್ಲಿಯೂ ಓಡುವ ಮನೆ ಇಲಿ ಹತ್ತುವುದರಲ್ಲಿ ನಿಪುಣ, ಮೇಲಿನಿಂದ ಬರುತ್ತದೆ. ಹೆಗ್ಗಣ ತೋಡುವುದರಲ್ಲಿ ನಿಪುಣ. ಕೆಳಗಿನಿಂದ ಬರುತ್ತದೆ, ಮರಿಗಳಿಗೆ ದೊಡ್ಡ ಶತ್ರು ಅದೇ. ಬಿಲದ ಬಾಯಲ್ಲಿ ಹೊಸ ಮಣ್ಣಿನ ಗುಡ್ಡೆ ಬಿದ್ದಿದ್ದರೆ ಹೆಗ್ಗಣವೆಂದು ತಿಳಿಯಿರಿ.

ನಮ್ಮ ಮನೆಯ ಕಳ್ಳನನ್ನು ಪತ್ತೆ ಮಾಡಿದ್ದು ಒಲೆಯ ಬೂದಿಯಿಂದ. ಸಂಜೆ ಗುಡಿಸಿದ ಮೇಲೆ ಗೂಡಿನ ಸುತ್ತ ಒಂದು ಗೇಣು ಅಗಲಕ್ಕೆ ಬೂದಿಯನ್ನು ತೆಳ್ಳಗೆ ಚೆಲ್ಲಬೇಕು. ಮಳೆಗಾಲದಲ್ಲಿ ಗೂಡಿನ ಒಳಗಡೆ, ಗೋಡೆಯ ಬುಡಕ್ಕೆ ಚೆಲ್ಲಿದರಾಯಿತು. ಬೆಳಗ್ಗೆ ಹೆಜ್ಜೆಯ ಸಾಲು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದು ಬರೆದಿಟ್ಟಂತೆ ಕಾಣುತ್ತದೆ. ಹೆಜ್ಜೆಗಳ ನಡುವೆ ಬಾಲ ಎಳೆದ ಗೆರೆಯೂ ಇದ್ದರೆ ಇಲಿಯೇ ಎಂಬುದಕ್ಕೆ ಒಳ್ಳೆಯ ಸಾಕ್ಷಿ. ನಮ್ಮಲ್ಲಿ ಹೆಜ್ಜೆಗಳು ಬಚ್ಚಲುಕೊಟ್ಟಿಗೆಯ ಸೌದೆ ರಾಶಿಯಿಂದ ಹೊರಟು, ಗೋಡೆಯ ಬುಡ ಹಿಡಿದು, ಗೂಡಿನ ಹಿಂದಿನ ಮೂಲೆಯ ಒಂದೇ ತೂತಿಗೆ ಬಂದಿದ್ದುವು. ನಾನು ಪಾಷಾಣ ಇಟ್ಟದ್ದು ಆ ದಾರಿಯಲ್ಲಿ ಕೂಡ ಅಲ್ಲ!

ಇನ್ನು ಗೂಡಿನ ಮಾತು. ಮುರಕಲ್ಲನ್ನು ಮಣ್ಣಿನಿಂದ ಕಟ್ಟಿದ ಗೂಡಾದರೆ ಸಂದುಗಳೇ ದಾರಿಗಳು. ಅರ್ಧ ಅಂಗುಲದ ತೂತು ಎಳೆಯ ಇಲಿಗೆ ಸಾಕು. ಸುಂಡಿಲಿಗೆ ಅದರ ಅರ್ಧವೂ ಸಾಕು. ಬರೇ ಮಣ್ಣು ಮೆತ್ತಿದರೆ ಒಂದು ರಾತ್ರಿಯ ಕೆಲಸ ಅದಕ್ಕೆ. ತಂತಿಬಲೆಯ ತುಂಡನ್ನು ತೂತಿಗೆ ತುರುಕಿ ಮೇಲಿನಿಂದ ಸಿಮೆಂಟ್ ಗಾರೆ ಹಾಕಬೇಕು. ಕಿಟಕಿಗೆ ಹಾಕುವ ಆರು ಮೂಲೆ ಕಣ್ಣಿನ ಕೋಳಿಬಲೆಯಿದೆಯಲ್ಲ, ಅದು ಕೋಳಿಯನ್ನು ಒಳಗಿಡುವುದಕ್ಕೆ ಸರಿ, ಇಲಿಯನ್ನು ಹೊರಗಿಡುವುದಕ್ಕೆ ಅಲ್ಲ. ಅರ್ಧ ಅಂಗುಲ ಚೌಕ ಕಣ್ಣಿನ ಬೆಸುಗೆ ಹಾಕಿದ ಜಾಲರಿ ಬೇಕು. ಬೆಲೆ ಹೆಚ್ಚು, ನಿಜ. ಇಡೀ ಗೂಡಿಗೆ ಹಾಕಲು ಕೈಲಾಗದಿದ್ದರೆ ನೆಲದಿಂದ ಮೂರಡಿಯವರೆಗೂ, ಮಾಡು ಗೋಡೆಗೆ ಸೇರುವ ಸಂದಿಗೂ ಹಾಕಿರಿ.

ಹೆಗ್ಗಣ ತೋಡುವ ಕಡೆ ಇದೇ ಜಾಲರಿಯನ್ನು ಗೋಡೆಯ ಬುಡದಿಂದ ಒಂದಡಿ ಆಳಕ್ಕೆ ಇಳಿಸಿ, ಅಲ್ಲಿಂದ ಒಂದಡಿ ಹೊರಕ್ಕೆ ಮಡಚಿ ಹೂಳಬೇಕು. ನೇರವಾಗಿ ಇಳಿಸಿದರೆ ಅದು ಅಡಿಯಿಂದ ಬರುತ್ತದೆ. ಹೊರಕ್ಕೆ ಮಡಚಿದರೆ, ಗೋಡೆಯ ಬುಡದಲ್ಲಿಯೇ ತೋಡುವುದು ಅದರ ಅಭ್ಯಾಸವಾದ್ದರಿಂದ, ಬಲೆಗೆ ತಾಗಿ ನಿಲ್ಲುತ್ತದೆ. ಹಿಂದೆ ಸರಿದು ದೂರದಿಂದ ತೋಡಬೇಕೆಂಬ ಬುದ್ಧಿ ಅದಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ.

ಹೊಸದಾಗಿ ಕಟ್ಟುವವರು ಕಾಲುಗಳ ಮೇಲೆ ನಿಲ್ಲುವ ಮರದ ಗೂಡನ್ನೇ ಮಾಡಿಸಲಿ. ಇಲಿಯು ನೆಲದಿಂದ ಎರಡಡಿಗೂ ಮಿಕ್ಕಿ ನೆಗೆಯಬಲ್ಲುದಾದ್ದರಿಂದ ಕಾಲುಗಳು ಮೂರಡಿಯಾದರೂ ಇರಲಿ, ಪ್ರತಿ ಕಾಲಿಗೂ ನಯವಾದ ತಗಡನ್ನು ಒಂದಡಿ ಅಗಲಕ್ಕೆ ಸುತ್ತಿರಲಿ. ಇದು ಹೊಸ ವಿದ್ಯೆಯೇನಲ್ಲ. ಬೊಂಡ ಕೊರೆಯುವ ಇಲಿಗಳನ್ನು ತಡೆಯುವುದಕ್ಕೆ ತೆಂಗಿನ ಮರದ ಕಾಂಡಕ್ಕೆ ತಗಡು ಸುತ್ತುವ ಕ್ರಮವನ್ನು ತೋಟದವರೆಲ್ಲ ಬಲ್ಲರು. ೧೯೧೬ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ನಮ್ಮ ಕಾಸರಗೋಡಿನಲ್ಲಿಯೇ ಆರಂಭವಾದ ಈಗಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರೂ ಅದನ್ನೇ ಹೇಳುತ್ತಾರೆ. ತೆಂಗಿಗೆ ಸುತ್ತಿದವನು ಕೋಳಿಗೂಡಿಗೆ ಸುತ್ತುವುದನ್ನು ಮರೆಯುತ್ತಾನೆ, ಅಷ್ಟೆ. ಒಂದು ಸಂಗತಿ: ಪಕ್ಕದ ಹಲಸಿನ ಕೊಂಬೆ ಗೂಡಿನ ಮಾಡಿಗೆ ತಾಗುತ್ತಿದ್ದರೆ ಕಾಲಿನ ತಗಡು ಇದ್ದೂ ಇಲ್ಲದಂತೆ. ಕೊಂಬೆಯನ್ನು ಕಡಿಯಿರಿ. ಸೌದೆ, ಸೋಗೆ, ಮಡಲು, ಒಡೆದ ಹಂಚು, ಗೆರಟೆ ಇವುಗಳ ರಾಶಿ ಗೂಡಿನಿಂದ ಹತ್ತು ಹೆಜ್ಜೆಯಾದರೂ ದೂರವಿರಲಿ. ಇಲಿಗೆ ಬಯಲು ದಾಟುವುದೆಂದರೆ ಭಯ.

ಇಷ್ಟಾದ ಮೇಲೆ ಬೋನು. ಊಟ ಸಿಗದ ಇಲಿ ಮಾತ್ರ ಬೋನಿಗೆ ಬೀಳುತ್ತದೆಂಬುದನ್ನು ನೆನಪಿಡಿ. ಹೊಸ ವಸ್ತುವೆಂದರೆ ಇಲಿಗೆ ಸಂಶಯ. ಆದಕಾರಣ ಮೊದಲ ಎರಡು ಮೂರು ರಾತ್ರಿ ಬೋನನ್ನು ಹೂಡದೆ, ಬರೇ ತಿಂಡಿಯಿಟ್ಟು ಬಿಡಿರಿ. ಸುಟ್ಟ ಕೊಬ್ಬರಿಯ ತುಂಡು, ಒಣಮೀನಿನ ತಲೆ ಎರಡೂ ಒಳ್ಳೆಯವು. ತಿಂದು ರೂಢಿಯಾದ ಮೇಲೆ ಇರುವ ಬೋನುಗಳನ್ನೆಲ್ಲ ಒಂದೇ ರಾತ್ರಿ ಹೂಡಿರಿ. ಬೂದಿಯಲ್ಲಿ ಕಂಡ ದಾರಿಯಲ್ಲಿಯೇ, ಗೋಡೆಗೆ ತಾಗಿಸಿ ಇಡಬೇಕು. ಕೋಳಿಗಳನ್ನು ಕೂಡಿದ ಮೇಲೆ ಹೂಡಿ, ಬಿಡುವುದಕ್ಕೆ ಮೊದಲು ತೆಗೆಯಿರಿ. ಕೋಳಿಯ ಬೆರಳು ಸಿಕ್ಕಿದರೆ ಉಳಿಯುವುದಿಲ್ಲ. ಬೋನಿಗೆ ಬಿದ್ದ ಇಲಿಯನ್ನು ತೋಡಿನ ಆಚೆಗೆ ಬಿಟ್ಟು ಬರುವ ದಯಾಳುಗಳಿದ್ದಾರೆ. ತೋಡಿನ ಆಚೆಯೂ ಒಂದು ಮನೆಯಿದೆಯಲ್ಲವೇ? ಅಂಟು ಹಲಗೆಯನ್ನು ನಾನು ಯಾರಿಗೂ ಹೇಳುವುದಿಲ್ಲ. ಅದರ ಮೇಲೆ ಓತಿ, ಗುಬ್ಬಿ, ಕೋಳಿಮರಿ ಎಲ್ಲವೂ ಅಂಟಿಕೊಳ್ಳುತ್ತವೆ. ಇಲಿಯೂ ಬೇಗ ಸಾಯದೆ ನರಳುತ್ತದೆ.

ಕೇರೆ ಹಾವು ಕಂಡ ಕೂಡಲೇ ದೊಣ್ಣೆ ಹುಡುಕುವವರಿಗೂ ಒಂದು ಮಾತು. ಅದಕ್ಕೆ ವಿಷವಿಲ್ಲ. ಮೊಟ್ಟೆಯೊಂದೆರಡನ್ನು ಅದು ತಿಂದೀತು. ಆದರೆ ನಾವು ಕೈ ಹಾಕಲಾಗದ ಬಿಲದೊಳಗೆ ನುಗ್ಗಿ ಇಲಿಯನ್ನು ಮರಿಸಹಿತ ತಿನ್ನುವುದು ಅದೇ. ಗೂಬೆಯದೂ ಅದೇ ಕೆಲಸ, ಮಾಡಿನ ಮೇಲೆ. ಅರ್ಧ ಅಂಗುಲದ ಜಾಲರಿ ಹಾಕಿದ ಗೂಡಿಗೆ ಇಬ್ಬರೂ ನುಗ್ಗಲಾರರು.

ಇಷ್ಟು ಮಾಡಿದ ಮೇಲೂ ಪಾಷಾಣ ಬೇಕಾಗುವುದಿಲ್ಲವೇ ಎಂದರೆ, ಸುತ್ತಲ ತೋಟಗಳಲ್ಲಿ ಇಲಿ ವಿಪರೀತವಾದಾಗ ಬೇಕಾದೀತು. ಆಗ ಯಾವುದು ಏನೆಂದು ತಿಳಿದಿರತಕ್ಕದ್ದು ಅಗತ್ಯ. ನಾನು ಬಳಸಿದ ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲಕ್ಕೆ ತಾಗಿದೊಡನೆ ವಿಷಗಾಳಿಯಾಗಿ ಮಾರ್ಪಡುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ಕೋಳಿ ಸಾಕುವ ಹಿತ್ತಲಿಗೆ ಅದು ಬರಲೇಬಾರದು. ಮೇಲಾಗಿ, ಅದನ್ನು ಸ್ವಲ್ಪವೇ ತಿಂದು ಬದುಕಿದ ಇಲಿ ಮತ್ತೆಂದೂ ಅದನ್ನು ಮುಟ್ಟುವುದಿಲ್ಲ. ಹಳದಿ ರಂಜಕದ ಪೇಸ್ಟು ಇನ್ನೂ ಭಯಂಕರವಾದುದು. ಅದು ಪಿತ್ತಕೋಶವನ್ನು, ಎಂದರೆ ಯಕೃತ್ತನ್ನು, ಕೆಡಿಸುತ್ತದೆ. ಮೊದಲು ವಾಂತಿಯಾಗಿ, ಅನಂತರ ಒಂದೆರಡು ದಿನ ಗುಣವಾದಂತೆ ಕಂಡು, ಆಮೇಲೆ ಕಾಮಾಲೆ ತೋರುತ್ತದೆ. ಹಲ್ಲುಜ್ಜುವ ಪೇಸ್ಟೆಂದು ತಿಳಿದು ಬಾಯಿಗೆ ಹಾಕಿಕೊಂಡವರ ಪ್ರಕರಣಗಳು ವೈದ್ಯರಿಗೆ ಅಪರಿಚಿತವಲ್ಲ. ಇದಕ್ಕೂ ಪ್ರತಿವಿಷವಿಲ್ಲ.

ಬ್ರೋಮಾಡಿಯೋಲೋನ್ ಎಂಬುದು ೦.೦೦೫ ಶೇಕಡಾ ಸೇರಿಸಿದ ಮೇಣದ ಬಿಲ್ಲೆಗಳಾಗಿ ಬರುತ್ತದೆ. ಅದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಇಲಿ ಕೆಲವು ದಿನಗಳ ಮೇಲೆ ಸಾಯುವುದರಿಂದ ಉಳಿದವುಗಳಿಗೆ ಸಂಶಯ ಹುಟ್ಟುವುದಿಲ್ಲ. ಮನುಷ್ಯರಿಗೋ ಸಾಕುಪ್ರಾಣಿಗೋ ತಗಲಿದರೆ ವೈದ್ಯರ ಕೈಯಲ್ಲಿ ವಿಟಮಿನ್ ಕೆ ಎಂಬ ಪ್ರತ್ಯೌಷಧವಿದೆ. ಇಡಲೇಬೇಕಾದರೆ ಇದನ್ನೇ ಇಡಿರಿ. ಇಲಿ ಮಾತ್ರ ನುಗ್ಗುವ ಬಾಯಿಯ, ಮುಚ್ಚಳಕ್ಕೆ ಬೀಗವಿರುವ ಪೆಟ್ಟಿಗೆಯೊಳಗೆ, ಬಿಲ್ಲೆಯನ್ನು ತಂತಿಯಿಂದ ಬಿಗಿದು, ಕೋಳಿ ಹೋಗದ ಕಡೆ. ಬಿಗಿಯದಿದ್ದರೆ ಏನಾಗುತ್ತದೆಂಬುದನ್ನು ನಮ್ಮ ಮನೆಯ ಮೂರು ಹೇಂಟೆಗಳು ತೋರಿಸಿವೆ. ವಿಷ ತಿಂದ ಇಲಿಯನ್ನು ತಿಂದ ಬೆಕ್ಕಿಗೂ ಗೂಬೆಗೂ ಅಪಾಯವುಂಟಾದ್ದರಿಂದ ಸತ್ತ ಇಲಿಗಳನ್ನು ದಿನಾ ಹುಡುಕಿ ಹೂಳಬೇಕು.

ಗಡಿನಾಡಿನ ನಮಗೆ ಈ ವಿಷಯದಲ್ಲಿ ಇನ್ನೊಂದು ತೊಡಕುಂಟು. ನೆರೆಮನೆಯ ಅಜ್ಜಿಯೊಬ್ಬರು ಒಂದು ದಿನ ಪೊಟ್ಟಣವೊಂದನ್ನು ಹಿಡಿದು ಬಂದು, "ಮಾಷ್ಟ್ರೇ, ಪುಳ್ಳಿ ಪೇಟೆಯಿಂದ ತಂದು ಕೊಟ್ಟದ್ದು. ಇದರಲ್ಲಿ ಏನು ಬರೆದಿದೆ ನೋಡಿ" ಎಂದರು. ಇಂಗ್ಲಿಷಿತ್ತು, ಹಿಂದಿಯಿತ್ತು, ಮಲಯಾಳವಿತ್ತು, ಕನ್ನಡವಿರಲಿಲ್ಲ. ಅಜ್ಜಿ ಕನ್ನಡ ಶಾಲೆಯಲ್ಲಿ ಐದನೆಯವರೆಗೆ ಓದಿ, ಇಂದಿಗೂ ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದುವವರು. "ಎಲ್ಲಿಟ್ಟಿದ್ದಿರಿ ಅಜ್ಜಿ?" ಎಂದು ಕೇಳಿದೆ. "ಅಡುಗೆ ಮನೆಯ ಹಲಗೆಯ ಮೇಲೆ, ಬೆಲ್ಲದ ಡಬ್ಬಿಯ ಹತ್ತಿರ" ಎಂದರು. ಅಂದೇ ಅದನ್ನು ಬೇರೊಂದು ಡಬ್ಬಿಗೆ ಹಾಕಿ, ಮೇಲೆ ಕನ್ನಡದಲ್ಲಿ 'ವಿಷ' ಎಂದು ದಪ್ಪಕ್ಷರದಲ್ಲಿ ಬರೆದು, ಕೊಟ್ಟಿಗೆಯ ಅಟ್ಟದಲ್ಲಿಟ್ಟು ಬೀಗ ಹಾಕಿಸಿದೆ. ಓದುಬಲ್ಲ ಮಕ್ಕಳಿರುವ ಪ್ರತಿ ಮನೆಯಲ್ಲಿಯೂ ಹೀಗೆ ಒಂದು ಚೀಟಿಯನ್ನು ಅವರಿಂದಲೇ ಬರೆಸಿ ಅಂಟಿಸಬಹುದು.

ಕೊನೆಯದಾಗಿ, ಕೋಳಿಗಿಂತ ದೊಡ್ಡ ವಿಷಯ. ಮಲಯಾಳದಲ್ಲಿ 'ಎಲಿಪ್ಪನಿ' ಎಂದು ಆಸ್ಪತ್ರೆಯ ಗೋಡೆಗಳಲ್ಲಿ ಬರೆದಿರುವುದು ನಮ್ಮ ಇಲಿಜ್ವರವೇ. ಇಲಿಯ ಮೂತ್ರದಲ್ಲಿರುವ ರೋಗಾಣು ಒದ್ದೆ ಮಣ್ಣಿನಲ್ಲಿಯೂ ನಿಂತ ನೀರಿನಲ್ಲಿಯೂ ಬದುಕಿದ್ದು, ಕಾಲಿನ ಬಿರುಕು, ಗಾಯ, ಕಣ್ಣು, ಬಾಯಿಗಳ ಮೂಲಕ ಒಳಸೇರುತ್ತದೆ. ೨೦೧೮ರ ನೆರೆಯ ಬಳಿಕ ಕೇರಳದಲ್ಲಿ ಅದು ಎಷ್ಟು ಜೀವಗಳನ್ನು ತೆಗೆಯಿತೆಂಬುದು ವಾಚಕರಿಗೆ ನೆನಪಿರಬಹುದು. ಗೂಡು ಬಳಿಯುವಾಗ ಬರಿಗಾಲು ಬೇಡ, ಕೈಗೆ ರಬ್ಬರಿನ ಚೀಲವಿರಲಿ. ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿರಿ. ಇಲಿ ಓಡಾಡಿದ ನೆಲಕ್ಕೆ ಬ್ಲೀಚಿಂಗ್ ಪೌಡರಿನ ನೀರು ಹಾಕಿ, ಬಿಸಿಲು ಬೀಳುವಂತೆ ಮಾಡಿರಿ. ಒಣಗಿದಲ್ಲಿ ಆ ರೋಗಾಣು ಬಾಳುವುದಿಲ್ಲ. ಜ್ವರ, ತಲೆನೋವು, ಮೀನಖಂಡದ ಸೆಳೆತ, ಕಣ್ಣು ಕೆಂಪಾಗುವುದು ಕಂಡರೆ, ಮನೆಮದ್ದಿನಲ್ಲಿ ದಿನ ಕಳೆಯದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಇಲಿಯ ಸಹವಾಸವಿತ್ತೆಂದು ಬಾಯಿಬಿಟ್ಟು ಹೇಳಿರಿ. ಹೇಳದಿದ್ದರೆ ವೈದ್ಯರಿಗೆ ತಿಳಿಯುವುದು ತಡವಾಗುತ್ತದೆ. ಮಳೆಗಾಲದಲ್ಲಿ ಕೆಸರಿನಲ್ಲಿ ದುಡಿಯುವವರಿಗೆ ವಾರಕ್ಕೊಮ್ಮೆ ತೆಗೆದುಕೊಳ್ಳುವ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಅಲ್ಲಿಯೇ ಕೇಳಿ ಪಡೆಯಬಹುದು. ಮಕ್ಕಳಿಗೂ ಗರ್ಭಿಣಿಯರಿಗೂ ವೈದ್ಯರು ಹೇಳದೆ ಕೊಡಬಾರದು.

ಏಣೆಲು ಕೊಯ್ಲು ಮುಗಿದು ಗದ್ದೆ ಬರಿದಾದಾಗ ಅಲ್ಲಿಯ ಇಲಿಗಳು ಮನೆಗಳ ಕಡೆಗೆ ಹೊರಡುತ್ತವೆ. ಗೂಡಿನ ತೂತುಗಳನ್ನು ಮುಚ್ಚುವವರು ಅದಕ್ಕೆ ಮೊದಲೇ ಮುಚ್ಚಿಕೊಳ್ಳಬೇಕು. ನಮ್ಮ ಗೂಡಿನ ಸುತ್ತ ಈಗಲೂ ವಾರಕ್ಕೊಮ್ಮೆ ಬೂದಿ ಚೆಲ್ಲುತ್ತೇನೆ. ಹೆಚ್ಚಾಗಿ ಕಾಣುವುದು ಕಪ್ಪೆಯ ಹೆಜ್ಜೆ. ಕಳೆದ ವಾರ ಬಚ್ಚಲುಕೊಟ್ಟಿಗೆಯ ಕಡೆಯಿಂದ ಬಾಲದ ಗೆರೆಯೊಂದು ಬಂದು, ತಗಡು ಸುತ್ತಿದ ಕಾಲಿನ ಬುಡಕ್ಕೆ ಎರಡು ಸುತ್ತು ಹಾಕಿ ಹಿಂದಿರುಗಿತ್ತು. ಆ ದಾರಿಯಲ್ಲಿ ಸುಟ್ಟ ಕೊಬ್ಬರಿ ಇಟ್ಟಿದ್ದೇನೆ. ಬೋನನ್ನು ಇನ್ನೂ ಹೂಡಿಲ್ಲ.